ಅಕ್ರಿಲೇಟೋ ಎಪಾಕ್ಸಿಯೋ: ಕುಗ್ಗದ ಸೂಕ್ಷ್ಮ ರಚನೆಗೆ ಯಾವ ರಾಳ?

ಬಳ್ಳಾರಿ, ರಾಯಚೂರಿನ ಕಾಲೇಜು ಪ್ರಯೋಗಾಲಯಗಳಲ್ಲಿ ಬೆಳಕಿನಿಂದ ಗಟ್ಟಿಯಾಗುವ ರಾಳ ಬಳಸಿ ಸೂಕ್ಷ್ಮ ಕಾಲುವೆ, ಅಚ್ಚುಗಳನ್ನು ಮಾಡಹೊರಟವರು ಬೆಲೆಗಿಂತ ಮೊದಲು ಕುಗ್ಗುವಿಕೆಯನ್ನು ನೋಡಬೇಕು.

ಅಕ್ರಿಲೇಟ್ ಅಗ್ಗ, ಕ್ಷಣಗಳಲ್ಲಿ ಗಟ್ಟಿಯಾಗುತ್ತದೆ. ಆದರೆ ಬಿಡಿಬಿಡಿಯಾಗಿದ್ದ ಅಣುಗಳು ಬಂಧ ಬೆಸೆದುಕೊಂಡು ಹತ್ತಿರವಾದಾಗ ಗಾತ್ರ ಇಳಿಯುತ್ತದೆ. ಇದೇ ಕುಟುಂಬದ ಮಿಥೈಲ್ ಮೆಥಾಕ್ರಿಲೇಟ್ ಪೂರ್ತಿ ಪಾಲಿಮರ್ ಆದರೆ ಸುಮಾರು ಶೇ. 21ರಷ್ಟು ಕುಗ್ಗುತ್ತದೆ. ದೊಡ್ಡ ಅಣುಗಳ ಅಕ್ರಿಲೇಟ್ ಆರಿಸಿದರೆ ಬೆಸೆಯಬೇಕಾದ ಬಂಧಗಳು ಕಡಿಮೆ, ಕುಗ್ಗುವಿಕೆಯೂ ಕಡಿಮೆ; ರಾಳ ಮಾತ್ರ ಮಂದವಾಗುತ್ತದೆ. ಕುಗ್ಗುವಿಕೆ ತಗ್ಗಿಸಲು ಸಿಲಿಕಾ ಕಣವನ್ನೂ ಬೆರೆಸಬಹುದು. ಅವು ನ್ಯಾನೋ ಗಾತ್ರದಲ್ಲಿರಲಿ, ಇಲ್ಲವಾದರೆ ಬೆಳಕು ಚದುರಿ ಅಂಚುಗಳು ಮಸುಕಾಗುತ್ತವೆ.

ಎಪಾಕ್ಸಿಯಲ್ಲಿ ಅಣುವಿನ ಉಂಗುರ ಬಿಚ್ಚಿಕೊಳ್ಳುವಾಗ ಕಳೆದುಹೋದ ಜಾಗದ ಒಂದಷ್ಟು ಮರಳುತ್ತದೆ. ನಿಖರತೆಯೇ ಮುಖ್ಯವಾದರೆ ನನ್ನ ಮತ ಇದಕ್ಕೇ. ಸಿಲಿಕಾನ್ ತಟ್ಟೆಯ ಮೇಲೆ ಪದರವಾಗಿ ಹರಡಿ ಬಳಸುವ ಎಸ್‌ಯು-8 ಎಂಬ ರಾಳ ಈ ಬಗೆಯದು. ಬೆಳಕು ಬಿದ್ದ ಮೇಲೆ ಸಾಮಾನ್ಯವಾಗಿ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಬೇಕು. ಅವಸರದಲ್ಲಿ ತಣಿಸಿದರೆ ಆ ಪದರ ಬಿರುಕು ಬಿಡುತ್ತದೆ, ದಯವಿಟ್ಟು ನಿಧಾನಿಸಿ. ಎಪಾಕ್ಸಿಯ ಕ್ರಿಯೆಗೆ ತೇವ ಶತ್ರು. ನಮ್ಮ ಒಣ ಬೇಸಿಗೆ ಆ ಮಟ್ಟಿಗೆ ಅನುಕೂಲ. ಆದರೆ 40 ಡಿಗ್ರಿ ದಾಟುವ ಮಧ್ಯಾಹ್ನಗಳಲ್ಲಿ ಹವಾನಿಯಂತ್ರಣವಿಲ್ಲದೆ ಪದರದ ದಪ್ಪ ಒಂದೇ ಸಮ ಬರುವುದಿಲ್ಲ.

ಥಯಾಲ್-ಈನ್ ಎಂಬ ಮೂರನೆಯ ಬಗೆಯ ರಾಳ ಕೂಡ ಕುಗ್ಗುತ್ತದೆ. ಆದರೆ ತಡವಾಗಿ ಬಿಗಿಯುವುದರಿಂದ ಒಳ ಒತ್ತಡ ಕಡಿಮೆ, ಗಟ್ಟಿಯಾಗುವುದನ್ನು ಗಾಳಿಯ ಆಮ್ಲಜನಕವೂ ಅಷ್ಟಾಗಿ ತಡೆಯುವುದಿಲ್ಲ. ಕಟು ವಾಸನೆಯಿರುತ್ತದೆ, ಗಾಳಿಯಾಡುವ ಕೋಣೆ ಬೇಕು.