ಗಾಯಾ ಆರ್ಕೈವ್: ಕೊತ್ರೂಡ್‌ನ ಮನೆಯಲ್ಲೇ ಕೂತು ಹಾಲುಹಾದಿ ತೂಗಬಹುದು

ಪುಣೆಯಲ್ಲಿ ಹಾಲುಹಾದಿ ಕಣ್ಣಿಗೆ ಬೀಳುವುದೇ ಕಷ್ಟ. ರಾತ್ರಿಯೆಲ್ಲ ದೀಪಗಳ ಬೆಳಕು, ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಮೋಡ. ಆದರೆ ಅದರ ತೂಕ ಲೆಕ್ಕ ಹಾಕೋಕೆ ಲ್ಯಾಪ್‌ಟಾಪ್ ಇದ್ದರೆ ಸಾಕು. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ ಗಾಯಾ ಬಾಹ್ಯಾಕಾಶ ದೂರದರ್ಶಕ ಅಳೆದ ನಕ್ಷತ್ರಗಳ ಮಾಹಿತಿ ಇರುವ ಆರ್ಕೈವನ್ನು ನಾನು 2018ರ ಎರಡನೇ ಬಿಡುಗಡೆಯ ಕಾಲದಿಂದ ಬಳಸುತ್ತಿದ್ದೇನೆ. ಪೂರ್ತಿ ಉಚಿತ.

ಗಾಯಾ 2013ರ ಡಿಸೆಂಬರ್‌ನಲ್ಲಿ ಹಾರಿತು. 2025ರ ಜನವರಿವರೆಗೆ ಆಕಾಶವನ್ನು ಮತ್ತೆ ಮತ್ತೆ ಅಳೆಯಿತು. 2022ರ ಮೂರನೇ ಬಿಡುಗಡೆಯಲ್ಲಿ ಸುಮಾರು 180 ಕೋಟಿ ಕಾಯಗಳ ಮಾಹಿತಿ ಇದೆ. ಎಸ್‌ಕ್ಯುಎಲ್ (ಡೇಟಾಬೇಸ್ ಹತ್ತಿರ ಮಾಹಿತಿ ಕೇಳುವ ಭಾಷೆ) ಗೊತ್ತಿದ್ದವರಿಗೆ ಇಲ್ಲಿನ ಕ್ವೆರಿ ಬರೆಯೋದು ಸಲೀಸು.

ಮೊದಲು ಬರ್ನಾರ್ಡ್ ನಕ್ಷತ್ರ ತೆಗೆದು ನೋಡಿ. ಅದು ವರ್ಷಕ್ಕೆ 10.4 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3,600ನೇ ಒಂದು ಭಾಗವೇ ಒಂದು ಆರ್ಕ್‌ಸೆಕೆಂಡ್) ಸರಿಯುತ್ತದೆ, ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಆಚೀಚೆ ಸರಿದಂತೆ ಕಾಣುವ ಕೋನ, ದೂರ ಇದ್ದಷ್ಟೂ ಚಿಕ್ಕದು) 0.547 ಆರ್ಕ್‌ಸೆಕೆಂಡ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, ಕಿ.ಮೀ. ಲೆಕ್ಕಕ್ಕೆ ತರಲು 4.74ರಿಂದ ಗುಣಿಸಿದರೆ ಅಡ್ಡವೇಗ ಸೆಕೆಂಡಿಗೆ ಸುಮಾರು 90 ಕಿ.ಮೀ. ನಮ್ಮತ್ತ ಬರುವ ವೇಗ ವರ್ಣಪಟಲದಿಂದ ಸಿಗುತ್ತದೆ, ಸುಮಾರು 110. ಹೀಗೆ ಲಕ್ಷಾಂತರ ನಕ್ಷತ್ರಗಳ ಚಲನೆ ಕೂಡಿಸಿ, ಸೂರ್ಯನ ಚಲನೆಯನ್ನೂ ಲೆಕ್ಕಕ್ಕೆ ಹಿಡಿದರೆ ಗ್ಯಾಲಕ್ಸಿ ತಿರುಗುವ ವೇಗ ಹೊರಬರುತ್ತದೆ. ಕೇಂದ್ರದಿಂದ 26 ಸಾವಿರ ಜ್ಯೋತಿರ್ವರ್ಷ ದೂರದ ನಮ್ಮ ಜಾಗದಲ್ಲಿ ಅದು ಸೆಕೆಂಡಿಗೆ ಸುಮಾರು 230 ಕಿ.ಮೀ. ವೇಗದ ವರ್ಗವನ್ನು ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿ. ನಮ್ಮ ಪಥದ ಒಳಗೆ ಹೆಚ್ಚುಕಡಿಮೆ 10 ಸಾವಿರ ಕೋಟಿ ಸೂರ್ಯರಷ್ಟು ತೂಕ! ಮೊದಲ ಸಲ ಇದು ಪರದೆ ಮೇಲೆ ಬಂದಾಗ ಮೈ ಜುಮ್ಮೆಂದಿತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಎರರ್ ಕಾಲಂ, ಅಂದರೆ ಅಳತೆ ಎಷ್ಟು ತಪ್ಪಿರಬಹುದು ಅನ್ನುವ ಅಂಕಿ. ಭಾನುವಾರ ನಮ್ಮಲ್ಲಿಗೆ ಬರುವ ಕಾಲೇಜು ಹುಡುಗರಲ್ಲಿ ಧಾರವಾಡದವನೊಬ್ಬ ಕೇಳಿದ: “ಅಣ್ಣಾರ, ಪ್ಯಾರಲಾಕ್ಸ್ ಮೈನಸ್ ಬಂದೈತಲ್ರೀ, ಇದು ಹೆಂಗ?” ಒಳ್ಳೆಯ ಪ್ರಶ್ನೆ. ದೂರದ ನಕ್ಷತ್ರದ ಪ್ಯಾರಲಾಕ್ಸ್ ಅಳತೆಯ ಎರರ್‌ಗಿಂತ ಚಿಕ್ಕದಾದರೆ ಅಂಕಿ ಸೊನ್ನೆಯ ಕೆಳಗೂ ಇಳಿಯಬಹುದು. ಹಾಗಂತ ಸುಮ್ನೆ ಕಿತ್ತು ಹಾಕಿದರೆ ಸರಾಸರಿಯೇ ವಾಲಿಬಿಡುತ್ತದೆ. ಗಾಯಾ ಅಂಥವನ್ನು ಮುಚ್ಚಿಡದೆ, ಎಷ್ಟು ನಂಬಬಹುದು ಅನ್ನುವುದನ್ನು ಪಕ್ಕದಲ್ಲೇ ಬರೆದು ಕೊಡುತ್ತದೆ.

ಕೊರತೆಗಳೂ ಇವೆ. ನಮ್ಮತ್ತ ಬರುವ ಅಥವಾ ದೂರ ಸರಿಯುವ ವೇಗ ಇರುವುದು ಸುಮಾರು 3.3 ಕೋಟಿ ನಕ್ಷತ್ರಗಳಿಗೆ ಮಾತ್ರ. ಗ್ಯಾಲಕ್ಸಿಯ ಕೇಂದ್ರದ ಕಡೆ ದೂಳು ಅಡ್ಡ. ಹೊರ ಅಂಚಿನಲ್ಲಿ ದೂರದ ಲೆಕ್ಕವೇ ಸಡಿಲ, ತೂಕದ ಜಗಳ ಇರೋದೂ ಅಲ್ಲೇ. ಅಲ್ಲಿ ತಿರುಗುವ ವೇಗ ಜೋರಾಗಿ ಇಳಿಯುತ್ತದೆ, ಒಟ್ಟು ತೂಕ ಸುಮಾರು 20 ಸಾವಿರ ಕೋಟಿ ಸೂರ್ಯರಷ್ಟೇ ಎಂದಿತು 2023ರ ಒಂದು ಅಧ್ಯಯನ. ಉಳಿದ ಹಲವು ಲೆಕ್ಕಗಳು 1 ಲಕ್ಷ ಕೋಟಿಯ ಆಸುಪಾಸಿನಲ್ಲಿವೆ. ವ್ಯತ್ಯಾಸ ಜಾಸ್ತಿನೇ, ಅಲ್ವಾ? ನನ್ನ ಮಟ್ಟಿಗೆ, ಹೊರ ಅಂಚಿನ ಅಂಕಿಗಳ ಮೇಲೆ ಈಗಲೇ ತೀರ್ಪು ಬೇಡ.

ನಾಲ್ಕನೇ ಬಿಡುಗಡೆ 2026ರ ಡಿಸೆಂಬರ್‌ಗೆ ನಿಗದಿಯಾಗಿದೆ. ಮೂರನೆಯದರಲ್ಲಿ 34 ತಿಂಗಳ ಅಳತೆ, ಇದರಲ್ಲಿ 66 ತಿಂಗಳದ್ದು. ಭೌತಶಾಸ್ತ್ರ ಓದುವ ಮಕ್ಕಳು ಅಲ್ಲಿಯವರೆಗೆ ಕಾಯಬೇಕಿಲ್ಲ, ಮೂರನೆಯದರಲ್ಲೇ ಕೈ ಪಳಗಿಸಿಕೊಳ್ಳಿ. ನನ್ನಿಂದ 5ಕ್ಕೆ 5.