ಟ್ರಾನ್ಸ್‌ಮಿಟರ್ ಬೆನ್ನಿನ ನಂಬರ್ ನೋಡಿ ತಗೊಳ್ಳಿ, ನಾನು ನೋಡಲಿಲ್ಲ

ಟೈಪ್ 1 ಡಯಾಬಿಟಿಸ್ ಇರುವ ಮಕ್ಕಳ ಅಪ್ಪ ಅಮ್ಮಂದಿರೇ, ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕಂದ್ರೆ ಆ ಮನುಷ್ಯ ಇನ್ನೂ ಮಾರುತ್ತಲೇ ಇದ್ದಾನೆ.

ನನ್ನ ಮಗಳಿಗೆ 11 ವರ್ಷ. ಇನ್ಸುಲಿನ್ ಪಂಪ್ ಹಾಕಿ 2 ವರ್ಷ ಆಯಿತು. ಪಂಪಿನ ಮೇಲೆ ನನ್ನ ದೂರಿಲ್ಲ. ಮೈಗೆ ಚುಚ್ಚಿ ಶುಗರ್ ಅಳೆಯುವ ಸೆನ್ಸರ್‌ಗೆ ಸಿಕ್ಕಿಸಿ, ಆ ಲೆಕ್ಕವನ್ನು ಪಂಪಿಗೆ ಕಳಿಸುವ ಟ್ರಾನ್ಸ್‌ಮಿಟರ್ ಹಳೆಯದಾಗಿತ್ತು, ಹೊಸದು ಬೇಕಿತ್ತು. ಗುರುತಿನವರೊಬ್ಬರು ಬೆಂಗಳೂರಿನ ಒಬ್ಬ ಡೀಲರ್ ನಂಬರ್ ಕೊಟ್ಟರು. "ಅಕ್ಕಾ, ಸೀಲ್ಡ್ ಪೀಸ್. ಬಿಲ್ ಬೇಡ ಅಂದ್ರೆ 8 ಸಾವಿರ ಕಮ್ಮಿ ಮಾಡ್ಕೊಡ್ತೀನಿ" ಅಂದ. ಬಿಲ್ ಬೇಡ ಅಂದೆ. ನಾನು ಕೆಲಸ ಮಾಡೋದು ಸಹಕಾರ ಸಂಘದಲ್ಲಿ. ಒಂದು ಸಹಿ ಇಲ್ಲದಿದ್ದರೆ ಜನರನ್ನು ನಾಳೆ ಬನ್ನಿ ಅಂತ ವಾಪಸ್ ಕಳಿಸುವವಳು. ಅಂಥವಳು 34,000 ರೂಪಾಯಿ ಕೂತಲ್ಲೇ ಯುಪಿಐ ಮಾಡಿದೆ.

ಕೊರಿಯರ್ ಬಂತು. ಬಾಕ್ಸ್ ಮೇಲೆ ಸ್ಟಿಕ್ಕರ್ ಇತ್ತು, ಅಂಚಿನಲ್ಲಿ ಸ್ವಲ್ಪ ಎದ್ದಿತ್ತು. ದಾರಿಯಲ್ಲಿ ಉಜ್ಜಿರಬೇಕು ಅಂದುಕೊಂಡೆ. ಪೇರ್ ಮಾಡುವಾಗ ಪಂಪಿನ ಪರದೆ ಮೇಲೆ ಸೀರಿಯಲ್ ನಂಬರ್ ಬಂತು, ಸರಿ ಇದೆಯಾ ಅಂತ ಕೇಳಿತು. ನೋಡಲಿಲ್ಲ. ಓಕೆ ಒತ್ತಿದೆ. ಎಷ್ಟು ಸಲ ನೆನಪಿಸಿಕೊಂಡರೂ ಕೈ ಹಿಸುಕಿಕೊಳ್ಳುವ ಹಾಗಾಗುತ್ತದೆ. ಪಂಪ್ ಕೇಳಿತ್ತು. ನಾನೇ ನೋಡಲಿಲ್ಲ.

ಎರಡು ದಿನ ಚೆನ್ನಾಗಿತ್ತು, 5 ನಿಮಿಷಕ್ಕೊಂದು ರೀಡಿಂಗ್ ಬರುತ್ತಿತ್ತು. ಮೂರನೇ ರಾತ್ರಿ ಸಿಗ್ನಲ್ ಇಲ್ಲ ಅಂತ ಅಲಾರಂ. ಡೀಲರ್‌ಗೆ ಮೆಸೇಜ್ ಮಾಡಿದೆ.

"ಮಗು ಆ ಕಡೆ ಒರಗಿ ಮಲಗುತ್ತಾ ಅಕ್ಕಾ? ಮೈ ಅಡ್ಡ ಬಂದ್ರೆ ಸಿಗ್ನಲ್ ಸಿಗಲ್ಲ."

ನಿಜ. ಮೈಯಲ್ಲಿ ನೀರೇ ಜಾಸ್ತಿ, ಬ್ಲೂಟೂತ್ ಅದನ್ನು ದಾಟಿ ಬರೋದು ಕಷ್ಟ. ಮಗಳನ್ನು ಮಗ್ಗುಲು ಬದಲಿಸಿ ಮಲಗಿಸಿದೆ.

"ಪಂಪ್, ಸೆನ್ಸರ್ ಎರಡೂ ಒಂದೇ ಕಡೆ ಇರ್ಬೇಕು ಅಕ್ಕಾ."

ಅದೂ ನಿಜ. ಬದಲಾಯಿಸಿದೆ.

"ಸೆನ್ಸರ್ ಬ್ಯಾಚ್ ಸರಿ ಇಲ್ಲ ಅನ್ಸುತ್ತೆ. ನನ್ನತ್ರ ಹೊಸ ಬಾಕ್ಸ್ ಇದೆ, ಕಳಿಸ್ಲಾ?"

ಕಳಿಸು ಅಂದೆ! ಅದಕ್ಕೂ ದುಡ್ಡು ಕೊಟ್ಟೆ! 7 ದಿನ ಬಾಳಬೇಕಾದ ಸೆನ್ಸರ್ 3 ಕಿತ್ತು ಬಿಸಾಡಿದೆ. ಒಂದೊಂದಕ್ಕೂ ಮಗುವಿಗೆ ಮತ್ತೆ ಸೂಜಿ, ರೀಡಿಂಗ್ ಶುರುವಾಗೋಕೆ ಮತ್ತೆ 2 ಗಂಟೆ ವಾರ್ಮಪ್.

ಅವನು ಹೇಳಿದ್ದರಲ್ಲಿ ಸುಳ್ಳು ಅಂತ ತೋರಿಸೋಕೆ ಒಂದೂ ಇರಲಿಲ್ಲ. ಎಲ್ಲ ನಮಗೆ ಗೊತ್ತಿರುವ ಕಾರಣಗಳೇ. ಅದಕ್ಕೇ ನಂಬಿದೆ.

ಆಮೇಲೊಂದು ರಾತ್ರಿ 2:40ಕ್ಕೆ ಎಚ್ಚರವಾಯಿತು. ಅಲಾರಂ ಕೇಳಿ ಅಲ್ಲ, ಸುಮ್ನೆ ಎಚ್ಚರವಾಯಿತು. ಪಂಪ್ ಮಗಳ ಹೊದಿಕೆಯೊಳಗೆ ಸಿಕ್ಕಿಕೊಂಡಿತ್ತು, ಸಿಗ್ನಲ್ ಹೋಗಿ ಒಂದೂವರೆ ಗಂಟೆ ಆಗಿತ್ತು. ಕತ್ತು ಮುಟ್ಟಿದರೆ ಬೆವರು. ಬೆರಳು ಚುಚ್ಚಿ ನೋಡಿದೆ, ಶುಗರ್ 54ಕ್ಕೆ ಇಳಿದಿತ್ತು. ಶುಗರ್ ಇಳಿಯುವ ಮುಂಚೆಯೇ ಇನ್ಸುಲಿನ್ ನಿಲ್ಲಿಸುವ ಪಂಪ್ ಅದು. ಸೆನ್ಸರ್ ಲೆಕ್ಕ ಬರದಿದ್ದರೆ ಅದಕ್ಕೇನು ಗೊತ್ತಾಗಬೇಕು, ಬೇಸಲ್, ಅಂದ್ರೆ ದಿನವಿಡೀ ಸ್ವಲ್ಪ ಸ್ವಲ್ಪವೇ ಹೋಗುವ ಇನ್ಸುಲಿನ್, ಹೋಗುತ್ತಲೇ ಇತ್ತು. ಗ್ಲೂಕೋಸ್ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚುಚ್ಚುವಾಗ ನನ್ನ ಕೈ ನಡುಗುತ್ತಿತ್ತು.

ಬೆಳಿಗ್ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಧ್ಯಾಹ್ನ ಒಂದು ಮೆಸೇಜ್: "ಮೇಡಂ, ಮನೇಲಿ ವೈಫೈ ಇದ್ಯಾ?"

ಅಕ್ಕ ಹೋಗಿ ಮೇಡಂ ಆಗಿದ್ದೆ. ಆಗಲೇ ಹೊಟ್ಟೆಯೊಳಗೆ ಏನೋ ಕಲಕಿದ ಹಾಗಾಯಿತು.

ಟ್ರಾನ್ಸ್‌ಮಿಟರ್ ಬಿಚ್ಚಿ, ಫೋನಿನ ಟಾರ್ಚ್ ಹಾಕಿ ಬೆನ್ನು ನೋಡಿದೆ. ಸಾಸಿವೆ ಕಾಳಿನಷ್ಟು ಅಕ್ಷರ. ಬಾಕ್ಸ್ ಮೇಲಿನ ನಂಬರೇ ಬೇರೆ, ಇದರ ನಂಬರೇ ಬೇರೆ. ಕಂಪನಿಯ ಸಹಾಯವಾಣಿಗೆ ಓದಿ ಹೇಳಿದೆ. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಇದು ಬೇರೆಯವರ ಹೆಸರಲ್ಲಿದೆ. ವಾರಂಟಿ ಮುಗಿದಿದೆ" ಅಂದಳು. ಯಾರೋ ಒಂದು ವರ್ಷ ಬಳಸಿ ಬಿಟ್ಟಿದ್ದನ್ನು ತೊಳೆದು ಒರೆಸಿ ನನಗೆ ಕಳಿಸಿದ್ದಾನೆ. ಬ್ಯಾಟರಿಯಲ್ಲಿ ಚಾರ್ಜೇ ನಿಲ್ಲುತ್ತಿರಲಿಲ್ಲ. ನಾನು ಮಗುವಿನ ಮಗ್ಗುಲು ಬದಲಿಸುತ್ತಾ ಕೂತಿದ್ದೆ.

ಕೇಳಿದ್ದಕ್ಕೆ ಅವನ ಉತ್ತರ: "ನಾನು ಕಳಿಸಿದ್ದು ಹೊಸದೇ. ನೀವೇ ಬದಲಾಯ್ಸಿರ್ಬಹುದು. ಬಿಲ್ ಇದ್ರೆ ಕಳಿಸಿ ಮೇಡಂ, ನೋಡೋಣ."

ಬಿಲ್ ಇದ್ರೆ ಕಳಿಸಿ! ಬಿಲ್ ಬೇಡ ಅನ್ನಿಸಿದವನೇ ಕೇಳಿದ ಮಾತು ಇದು.

ನಮ್ಮೆಜಮಾನ್ರು ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನೋಡಿ, ಒಂದೇ ಮಗ್ಗುಲಲ್ಲಿ ಮಲಗಿದಾಗ ಮಾತ್ರ ಸಿಗ್ನಲ್ ಹೋದರೆ ಅದು ಮಲಗುವ ರೀತಿಯ ತೊಂದರೆ ಇರಬಹುದು. ಯಾವ ಸೆನ್ಸರ್ ಹಾಕಿದರೂ ಮೂರನೇ ದಿನಕ್ಕೆ ಸಿಗ್ನಲ್ ಸತ್ತು, ಟ್ರಾನ್ಸ್‌ಮಿಟರ್ ಚಾರ್ಜ್ ಮಾಡಿದರೆ ಮತ್ತೆ ಬದುಕಿದರೆ ಅದನ್ನೇ ಅನುಮಾನಿಸಿ, ಸೆನ್ಸರ್ ಕೀಳಬೇಡಿ. ಬಾಕ್ಸ್, ಬೆನ್ನು, ಪಂಪಿನ ಪರದೆ, ಮೂರೂ ಕಡೆ ನಂಬರ್ ಒಂದೇ ಇರಬೇಕು. ದುಡ್ಡು ಕೊಡುವ ಮುಂಚೆ ನಂಬರಿನ ಫೋಟೋ ತರಿಸಿಕೊಂಡು ಕಂಪನಿಗೆ ಕೇಳಿ. ಸಿಗ್ನಲ್ ಇಲ್ಲದ ರಾತ್ರಿ ಬೆರಳು ಚುಚ್ಚಿ ನೋಡಿ, ಯಾರ ರಿಪ್ಲೈಗೂ ಕಾಯಬೇಡಿ. ಬಿಲ್ ವಿಷಯ ನಾನು ಬೇರೆ ಹೇಳಬೇಕಾ?

1915ಕ್ಕೆ, ಅದೇ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಕೈಯಲ್ಲಿರುವುದು ಯುಪಿಐ ರಸೀದಿ ಮತ್ತು ವಾಟ್ಸಾಪ್ ಮಾತು ಅಷ್ಟೇ. ನಿನ್ನೆ ಅದೇ ನಂಬರಿಂದ ಮೆಸೇಜ್ ಬಂತು. ದುಡ್ಡಿನ ವಿಷಯ ಅಂದುಕೊಂಡು ತೆರೆದರೆ, ಎಲ್ಲರಿಗೂ ಕಳಿಸುವ ಜಾಹೀರಾತು: "ಅಕ್ಕಾ, ಟ್ರಾನ್ಸ್‌ಮಿಟರ್ ಸ್ಟಾಕ್ ಬಂದಿದೆ. ಸೀಲ್ಡ್ ಪೀಸ್."