ಗೋಕರ್ಣದ ಬಂಡೆ ದಾರಿ: ದುಡ್ಡು ಕಟ್ಟುವ ಮುಂಚೆ ಉಬ್ಬರದ ಟೈಮ್ ಕೇಳಿ

ಗೋಕರ್ಣದ ಬೀಚ್ ಟ್ರೆಕ್‌ಗೆ ಹೋಗುವ ಪ್ಲ್ಯಾನ್ ಇದ್ದವರು ದಯವಿಟ್ಟು ಇದನ್ನು ಓದಿ. ಈಜು ಬಾರದಿದ್ದರೆ ನೀರಿಗೆ ಇಳಿಯಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುತ್ತಿರುವುದು ನೀರಿಗೇ ಇಳಿಯದವರಿಗೆ ಆಗುವ ಅನಾಹುತದ ಬಗ್ಗೆ. ನನ್ನ ಚಿಕ್ಕಪ್ಪನ ಮಗಳು ಬಂಡೆ ಮೇಲೆ ನಿಂತಿದ್ದಳು, ಅಷ್ಟೇ.

ದಾರಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಊರಿನ ಬೀಚಿನಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಒಂದಾದ ಮೇಲೊಂದು ಬರುತ್ತವೆ. ನಡುವೆ ಗುಡ್ಡಗಳು ಸಮುದ್ರದೊಳಕ್ಕೆ ಚಾಚಿಕೊಂಡಿವೆ. ಓಂ ತನಕ ರಸ್ತೆ ಇದೆ, ಹಾಫ್ ಮೂನ್‌ಗೆ ಇಲ್ಲ. ಅಲ್ಲಿಂದ ಮುಂದೆ ಗುಡ್ಡದ ಮೇಲಿನ ಕಾಲುದಾರಿ, ಇಲ್ಲವೇ ದೋಣಿ. ಗುಡ್ಡದ ಬುಡದಲ್ಲಿ ಕಪ್ಪು ಬಂಡೆಗಳ ಸಾಲಿದೆ. ನೀರು ಇಳಿದಾಗ ಅದರ ಮೇಲೆಯೂ ನಡೆದು ಹೋಗಬಹುದು. ಫೋಟೋ ಚೆನ್ನಾಗಿ ಬರುವುದೂ ಅಲ್ಲೇ.

ನಾವು ಹೋಗಿದ್ದು ಬೆಂಗಳೂರಿನ ಒಂದು ವೀಕೆಂಡ್ ಟ್ರೆಕ್ ತಂಡದ ಜೊತೆ. ರಾತ್ರಿ ಬಸ್ಸು, ಬೆಳಿಗ್ಗೆ ತಿಂಡಿ, ಆಮೇಲೆ ನಡಿಗೆ. ಹುಣ್ಣಿಮೆ ದಿನ. ಹುಣ್ಣಿಮೆ ಅಂತಲೇ ಆ ಟ್ರಿಪ್ಪಿಗೆ ಜಾಸ್ತಿ ಜನ ಸೇರಿದ್ದರು, ರಾತ್ರಿ ದಡದಲ್ಲಿ ಬೆಳದಿಂಗಳು ಅಂತ ಜಾಹೀರಾತು ಕೊಟ್ಟಿದ್ದರು. ಹಾಫ್ ಮೂನ್ ದಾಟಿದ ಮೇಲೆ ತಂಡದ ಲೀಡರ್ ಹುಡುಗ ಮೇಲಿನ ದಾರಿ ಬಿಟ್ಟು ನಮ್ಮನ್ನು ಕೆಳಗಿನ ಬಂಡೆಗಳ ಕಡೆ ಇಳಿಸಿದ. ಅಲೆ ಹತ್ತಿರ ಬರುತ್ತಿದೆಯಲ್ಲ ಅಂತ ಯಾರೋ ಕೇಳಿದರು. "ಏನೂ ಆಗಲ್ಲ, ದಿನಾ ಇದೇ ದಾರೀಲೇ ಕರ್ಕೊಂಡ್ ಹೋಗ್ತೀವಿ" ಅಂದ. ಆಗ ಹತ್ತು ಗಂಟೆ ಇರಬೇಕು.

ಅವನಿಗೆ ಗೊತ್ತಿರಬೇಕಾಗಿದ್ದ ವಿಷಯ ಒಂದೇ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು. ಈ ಕಡೆಯ ಕರಾವಳಿಯಲ್ಲಿ ಆ ದಿನಗಳಲ್ಲಿ ನೀರು ಪೂರ್ತಿ ತುಂಬುವುದು ಹಗಲು ಹನ್ನೊಂದು-ಹನ್ನೆರಡರ ಹೊತ್ತಿಗೆ. ಇಳಿತಕ್ಕೂ ಉಬ್ಬರಕ್ಕೂ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ. ಅಂದರೆ ಬೆಳಗಿನ ಜಾವ ಕಾಣುತ್ತಿದ್ದ ಬಂಡೆ ದಾರಿ ತಿಂಡಿ ಮುಗಿಸಿ ಹೊರಡುವ ಹೊತ್ತಿಗೆ ಮುಳುಗುತ್ತಾ ಇರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಹೋದ ವಾರ ಇದೇ ಹೊತ್ತಿಗೆ ಆರಾಮಾಗಿ ದಾಟಿದ್ದೆವು ಅನ್ನುವ ಮಾತಿಗೆ ಅರ್ಥವೇ ಇಲ್ಲ.

ಚಪ್ಪಟೆ ಬಂಡೆಯೊಂದು ಸಿಕ್ಕಿತು. ಗ್ರೂಪ್ ಫೋಟೋಗೆ ನಿಲ್ಲಿಸಿದರು. ಸ್ವಲ್ಪ ದೂರದಲ್ಲಿ ಗಾಳ ಹಾಕುತ್ತಿದ್ದ ವಯಸ್ಸಾದ ಒಬ್ಬರು "ಅಲ್ಲಿ ನಿಲ್ಬೇಡಿ, ಮೇಲೆ ಬನ್ನಿ" ಅಂತ ಕೈ ಬೀಸಿ ಕೂಗಿದರು. ಲೀಡರ್ ತಿರುಗಿಯೂ ನೋಡಲಿಲ್ಲ. ಅದುವರೆಗೆ ಬಂದ ಅಲೆಗಳೆಲ್ಲ ಬಂಡೆಯ ಅಂಚಿಗೆ ಬಡಿದು ವಾಪಸ್ ಹೋಗಿದ್ದವು. ಆಮೇಲೆ ಬಂದದ್ದು ಅಂಚಿಗೆ ನಿಲ್ಲಲಿಲ್ಲ. ನೀರು ಮೊಣಕಾಲಿನಷ್ಟೇ ಬಂತು, ನಂಬಿ, ಅದಕ್ಕಿಂತ ಜಾಸ್ತಿ ಇರಲಿಲ್ಲ. ಆದರೆ ವಾಪಸ್ ಎಳೆಯುವಾಗ ಪಾಚಿ ಹಿಡಿದ ಕಲ್ಲಿನ ಮೇಲೆ ಯಾರಿಗೂ ಕಾಲು ನಿಲ್ಲಲಿಲ್ಲ. ಮೂವರು ಬಿದ್ದರು. ಇಬ್ಬರನ್ನು ಪಕ್ಕದವರು ಹಿಡಿದುಕೊಂಡರು. ನನ್ನ ತಂಗಿ ಜಾರಿ ಎರಡು ಬಂಡೆಗಳ ನಡುವಿನ ಸಂದಿಗೆ ಬಿದ್ದಳು.

ಅವಳು ತಕ್ಷಣ ಹತ್ತಲು ನೋಡಿದಳು. ಗಾಳದವರು ಅಷ್ಟರಲ್ಲಿ ಓಡಿ ಬಂದಿದ್ದರು. "ಈಗ ಹತ್ಬೇಡ ತಂಗಿ, ತೆರೆ ಬರ್ತದೆ, ಹೋಗ್ಲಿ" ಅಂದರು. ಇನ್ನೊಂದು ಅಲೆ ಅವಳ ಮೇಲೇ ಒಡೆಯಿತು. ಅದು ತಗ್ಗಿದ ಕೂಡಲೇ ಗಾಳದ ಕೋಲನ್ನು ಅಡ್ಡ ಕೊಟ್ಟು, ಇನ್ನೊಂದು ಕೈಯಲ್ಲಿ ಅವಳ ಬ್ಯಾಗಿನ ಪಟ್ಟಿ ಹಿಡಿದು ಎಳೆದರು. ನಾನು ಅವರ ಸೊಂಟ ಹಿಡಿದುಕೊಂಡಿದ್ದೆ. ಅವರಿಲ್ಲದಿದ್ದರೆ ಇವತ್ತು ಬೇರೆಯೇ ಬರೆಯುತ್ತಿದ್ದೆ.

ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತಿರುತ್ತವೆ. ಅವಳ ಮೊಣಕಾಲಿಂದ ಹಿಮ್ಮಡಿ ತನಕ ಸಾಲು ಸಾಲು ಗೀರು, ಒಂದು ಕಡೆ ಮಾಂಸ ಬಿಟ್ಟುಕೊಂಡಿತ್ತು. ಲೀಡರ್ ಹತ್ತಿರ ಬ್ಯಾಂಡೇಜ್ ಇಲ್ಲ, ಹಗ್ಗ ಇಲ್ಲ. ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿತ್ತು. ಗುಡ್ಡ ಹತ್ತಿಸಿ, ಓಂ ಬೀಚಿನ ತನಕ ಎತ್ತಿಕೊಂಡೇ ಬಂದೆವು. ಹೊಲಿಗೆ ಹಾಕುವ ಮೊದಲು ಡಾಕ್ಟರು ಗಾಯದೊಳಗಿಂದ ಚಿಪ್ಪಿನ ಚೂರುಗಳನ್ನು ಹೆಕ್ಕಿ ತೆಗೆದರು. ಇಂಥ ಗಾಯವನ್ನು ಚೆನ್ನಾಗಿ ತೊಳೆಯದೆ ಸುಮ್ನೆ ಕಟ್ಟಿಬಿಟ್ಟರೆ ಕೀವಾಗುತ್ತದೆ, ಟಿಟಿ ಇಂಜೆಕ್ಷನ್ ಬಿಡಬೇಡಿ ಅಂದರು.

ಟ್ರೆಕ್ ತಂಡದವರು ಮಾಡಿದ್ದೇನು ಗೊತ್ತಾ? ಬಸ್ಸು ಹತ್ತುವಾಗ ಸಹಿ ಹಾಕಿಸಿಕೊಂಡಿದ್ದ ಕಾಗದದ ಫೋಟೋ ಕಳಿಸಿದರು. ಅದರಲ್ಲಿ ಜವಾಬ್ದಾರಿ ನಮ್ಮದಲ್ಲ ಅಂತ ಬರೆದಿತ್ತು. ವಾಟ್ಸಾಪ್ ಗುಂಪಿನಲ್ಲಿ ನಡೆದದ್ದನ್ನು ಹೇಳಿದ್ದಕ್ಕೆ ನನ್ನನ್ನು ಗುಂಪಿನಿಂದ ತೆಗೆದರು. ದುಡ್ಡಿನ ಮಾತು ಬಿಡಿ, ಹುಡುಗಿ ಹೇಗಿದ್ದಾಳೆ ಅಂತ ಒಂದು ಫೋನ್ ಕೂಡ ಬರಲಿಲ್ಲ. ಮುಂದಿನ ವಾರವೇ ಅದೇ ಬಂಡೆಯ ಫೋಟೋ ಹಾಕಿ ಹೊಸ ಟ್ರಿಪ್ಪಿಗೆ ಜನ ಕರೆಯುತ್ತಿದ್ದರು. ನಾನು ಇಷ್ಟುದ್ದ ಬರೆಯಲು ಅದೇ ಕಾರಣ.

ಆಕಾಶ ತಿಳಿಯಾಗಿದೆ, ಗಾಳಿ ಇಲ್ಲ, ಹಾಗಾಗಿ ಸಮುದ್ರ ಶಾಂತ ಅಂತ ಅಂದುಕೊಳ್ಳಬೇಡಿ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎದ್ದರೆ ಅಲ್ಲಿನ ಅಲೆಗಳು ದಿನಗಟ್ಟಲೆ ಸಾಗಿ ನಮ್ಮ ದಡಕ್ಕೆ ಬರುತ್ತವೆ. ಕೇರಳದ ಮೀನುಗಾರರು ಇದನ್ನು ಕಳ್ಳಕಡಲು ಅನ್ನುತ್ತಾರೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ದಡದಲ್ಲಿ ಐವರು ಎಳೆಯ ವೈದ್ಯರು ಸತ್ತದ್ದು ಇಂಥ ಅಲೆಗಳ ದಿನಗಳಲ್ಲೇ. ಎಚ್ಚರಿಕೆ ಮೊದಲೇ ಹೊರಬಿದ್ದಿತ್ತು. ಈ ಎಚ್ಚರಿಕೆ ಕೊಡುವುದು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ. ಅವರ ವೆಬ್‌ಸೈಟಿನಲ್ಲಿ ಅಲೆಗಳ ಮುನ್ಸೂಚನೆ ಯಾರು ಬೇಕಾದರೂ ನೋಡಬಹುದು, ಕಾಸು ಕೊಡಬೇಕಿಲ್ಲ.

ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ಆ ಗುಡ್ಡದ ಮೇಲಿಂದ ಕಾಣುವ ಸಮುದ್ರವನ್ನು ಎಲ್ಲರೂ ನೋಡಬೇಕು. ಮೇಲಿನ ಕಾಲುದಾರಿಯಲ್ಲೇ ಹೋಗಿ. ಬಂಡೆಗೆ ಇಳಿಯಲೇಬೇಕು ಅಂದರೆ ನೀರು ಇಳಿಯುತ್ತಿರುವ ಹೊತ್ತು ನೋಡಿಕೊಳ್ಳಿ. ಮೊದಲು ಹದಿನೈದು-ಇಪ್ಪತ್ತು ನಿಮಿಷ ಮೇಲೆ ನಿಂತು ಅಲೆ ಎಲ್ಲಿಯ ತನಕ ಬರುತ್ತಿದೆ ಅಂತ ಗಮನಿಸಿ, ಯಾಕಂದರೆ ದೊಡ್ಡ ಅಲೆಗಳು ಬಿಟ್ಟು ಬಿಟ್ಟು ಬರುತ್ತವೆ. ಒದ್ದೆಯಾದ ಅಥವಾ ಪಾಚಿ ಇರುವ ಬಂಡೆ ಅಂದರೆ ನೀರು ಅಲ್ಲಿಗೆ ಬರುತ್ತದೆ ಅಂತಲೇ ಲೆಕ್ಕ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೋಗೆ ನಿಲ್ಲಲೇಬೇಡಿ.

ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ. ಹಗ್ಗ, ಮುಚ್ಚಳ ಹಾಕಿದ ಖಾಲಿ ಕ್ಯಾನು, ತೇಲುವಂಥದ್ದು ಏನಿದ್ದರೂ ಎಸೆಯಿರಿ. 112ಕ್ಕೆ ಫೋನ್ ಮಾಡಿ, ಹತ್ತಿರದ ದೋಣಿಯವರನ್ನು ಕೂಗಿ ಕರೆಯಿರಿ. ದೂರ ಎಳೆದುಕೊಂಡು ಹೋದರೆ ಬಿದ್ದವರು ಬಂಡೆ ಕಡೆಗೆ ಗುದ್ದಾಡದೆ, ಅಲೆ ಒಡೆಯುವ ಜಾಗದಿಂದ ಆಚೆ ತೇಲುತ್ತಾ ಇರುವುದೇ ಮೇಲು.

ದುಡ್ಡು ಕಟ್ಟುವ ಮುಂಚೆ ತಂಡದವರನ್ನು ಕೇಳಿ: ಆ ದಿನ ಉಬ್ಬರ ಎಷ್ಟು ಹೊತ್ತಿಗೆ? ಕರೆದುಕೊಂಡು ಹೋಗುವುದು ಮೇಲಿನ ದಾರಿಯಲ್ಲೋ ಕೆಳಗಿನದರಲ್ಲೋ? ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಬ್ಯಾಗಿನಲ್ಲಿ ಇರುತ್ತದೆ? ಸರಿಯಾಗಿ ಉತ್ತರ ಬರಲಿಲ್ಲವಾ, ಅವರ ಜೊತೆ ಹೋಗಬೇಡಿ. ಊರಿನಲ್ಲೇ ದಾರಿ ಬಲ್ಲವರು ಸಿಗುತ್ತಾರೆ, ಅವರನ್ನೇ ಕೇಳಿಕೊಂಡು ಹೊರಡಿ.